ದಣಿದ ಸೆಲ್ಲಿನ ದನಿ

ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ, ಕಿರಾಣಿ ಅಂಗಡಿಯ ಮಾಳಿಗೆಯ ಮೇಲಿದ್ದ ಜಗದೇವಪ್ಪನ ಕಂಪ್ಯೂಟರ್ ಸೆಂಟರಿನಿಂದ 1998ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಎಮ್ಮೆ ಒದರಿದ ಸದ್ದು ಕೇಳಿಬಂತು. ಒಂದು ಸಲವಲ್ಲ, ಮೂರು ಸಲ. ಮೂರನೆಯದು ಮೊದಲೆರಡಕ್ಕಿಂತ ಉದ್ದವಾಗಿ ಎಳೆದು, ಹೊಟ್ಟೆಯೊಳಗೆ ಏನೋ ತಿರುಗಿಕೊಂಡಂತೆ ನಿಂತಿತು.

ಟೈಪಿಂಗ್ ಕಲಿಯುತ್ತ ಕೂತಿದ್ದ ಐದು ಹುಡುಗಿಯರು ಓಢಣಿ ಬಾಯಿಗಿಟ್ಟುಕೊಂಡರು. ಸ್ಪೀಕರಿನ ವೈರು ಕೀಳಲು ಹೋದ ಜಗದೇವಪ್ಪ ಗಡಿಬಿಡಿಯಲ್ಲಿ ಮೌಸಿನ ವೈರು ಕಿತ್ತ. ಅಷ್ಟರಲ್ಲಿ ರುಮಾಲಿನ ಮುದುಕನೊಬ್ಬ ಮೆಟ್ಟಿಲು ಹತ್ತಿ ಬಂದು, ಬೋರ್ಡು ಓದಿ ಶಿಸ್ತಾಗಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಇಣುಕಿದ.

"ಎಮ್ಮಿ ಈಯಾಕತ್ತದೇನ್ರಿ ಮಾಸ್ತರ? ಕರ ಅಡ್ಡ ಬಂದಂಗ ಅದ ಆವಾಜ. ತುಸು ಸರೀರಿ, ನಾ ನೋಡ್ತೇನಿ. ನನಗ ರೂಢಿ ಅದ."

"ಎಮ್ಮಿ ಅಲ್ರಿ ಯಜಮಾನ್ರ, ಇದು ಬೇಸ್," ಎಂದ ಜಗದೇವಪ್ಪ, ಕಿವಿಯವರೆಗೂ ಕೆಂಪಾಗಿ.

ಮುದುಕ ಯೋಚನೆ ಮಾಡಿದ. "ಮುರ್ರಾ ನೋಡೇನಿ, ಪಂಢರಪುರಿ ಸಾಕೇನಿ. ಈ ಜಾತಿ ನಮ್ಮ ಕಡಿ ಬಂದಿಲ್ಲ ಬಿಡ್ರಿ," ಎಂದು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

ಮುದುಕ ಹೋದರೂ ಅವಮಾನ ಹೋಗಲಿಲ್ಲ. ಸೆಂಟರಿನಲ್ಲಿ ಕೈಯಿರುವ ಕುರ್ಚಿ ಇದ್ದದ್ದು ಒಂದೇ, ಅದರಲ್ಲಿ ಬಟ್ಟೆ ಅಂಗಡಿಯ ಶಾಂತಲಿಂಗಪ್ಪ ಸಾಹುಕಾರರು ಕೂತಿದ್ದರು. ಗುಡುಸಾಬನ ಬೇಸ್ ಪೆಟ್ಟಿಗೆಯ ದನಿಯನ್ನು ಕಂಪ್ಯೂಟರಿನೊಳಗೆ ಹುಟ್ಟಿಸಿದ್ದೇನೆ, ಬಂದು ಕೇಳಿರೆಂದು ಜಗದೇವಪ್ಪನೇ ಅವರನ್ನು ಕರೆದು ತಂದಿದ್ದ.

"ಲೇ ಜಗದೇವ," ಎಂದರು ಸಾಹುಕಾರರು, "ಮುಂಜಾನಿ ಬೋಣಿ ಬಿಟ್ಟು ಬಂದೇನಿ. ಗುಡುಸಾಬನ ಪೆಟ್ಟಿಗಿ ಹಿಂಗ ಒದರ್ತಿತ್ತೇನೋ?"

ಒದರುತ್ತಿರಲಿಲ್ಲ. ಅದು ಆಳಂದದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಜಗದೇವಪ್ಪನಿಗೇ. ಏಕೆಂದರೆ ಆ ಪೆಟ್ಟಿಗೆಯನ್ನು ಸುಟ್ಟವನು ಅವನೇ.

ಸುಟ್ಟು ಒಂಬತ್ತು ವರ್ಷವಾಗುತ್ತ ಬಂದಿತ್ತು. ಆ ಒಂಬತ್ತು ವರ್ಷವೂ ಜಗದೇವಪ್ಪ ದರ್ಗಾದ ಕಡೆ ಗುಡುಸಾಬ ಇರುವ ಓಣಿಗೆ ಕಾಲಿಟ್ಟಿರಲಿಲ್ಲ. ಕಾಯಿಪಲ್ಲೆ ಬಜಾರಿಗೆ ಆ ಓಣಿಯಿಂದ ಐದು ನಿಮಿಷದ ದಾರಿ. ಈತ ಚೀಲ ಹಿಡಿದು ಊರು ಸುತ್ತಿ ಇಪ್ಪತ್ತೈದು ನಿಮಿಷಕ್ಕೆ ಮುಟ್ಟುತ್ತಿದ್ದ. ಕಳೆದ ದನಿಯನ್ನು ತಿರುಗಿ ಮಾಡಿ ಕೈಯಲ್ಲಿ ಹಿಡಿದುಕೊಂಡೇ ಆ ಮನೆಯ ಹೊಸ್ತಿಲು ತುಳಿಯಬೇಕು, ಅಲ್ಲಿಯತನಕ ಅಲ್ಲಿ ತೋರಿಸಲು ತನಗೆ ಮುಖವಿಲ್ಲ, ಎಂದು ತನ್ನಷ್ಟಕ್ಕೆ ತಾನೇ ಕರಾರು ಮಾಡಿಕೊಂಡಿದ್ದ. ಕರಾರಿನಲ್ಲಿ ಗುಡುಸಾಬನನ್ನು ಒಂದು ಮಾತು ಕೇಳಿರಲಿಲ್ಲ.

ಗುಡುಸಾಬ ನದಾಫರ ಮನೆತನದವನು. ಹತ್ತಿ ಹಿಂಜುವುದು, ಗಾದಿ ತುಂಬುವುದು ತಲೆಮಾರುಗಳ ಕಸುಬು. ಹೆಗಲ ಮೇಲೆ ಆಳುದ್ದದ ಬಿಲ್ಲು, ಕೈಯಲ್ಲಿ ಎರಡೂ ತುದಿ ದಪ್ಪಗಿದ್ದ ಮರದ ಬಡಿಗೆ ಹಿಡಿದು ಅವನು ಅಫಜಲಪುರ, ಜೇವರ್ಗಿ, ಯಡ್ರಾಮಿಯವರೆಗೂ ಹೋಗುತ್ತಿದ್ದ. ಅಂಗಳದಲ್ಲಿ ಹತ್ತಿ ಹರವಿ ಬಿಲ್ಲಿನ ತಂತಿಯನ್ನು ಬಡಿಗೆಯಿಂದ ಹೊಡೆದರೆ 'ಧೊಂಯ್' ಎಂಬ ಸದ್ದು. ತಂತಿ ಹತ್ತಿಯೊಳಗೆ ಮುಳುಗಿದಂತೆ ಸದ್ದು ಮೆತ್ತಗಾಗುತ್ತಿತ್ತು, ಮೇಲೆದ್ದಂತೆ ಬಿಚ್ಚಿಕೊಳ್ಳುತ್ತಿತ್ತು. ಉಳಿದ ಪಿಂಜಾರರು ಹತ್ತಿ ಹಿಂಜಿ ಎದ್ದು ಹೋಗುತ್ತಿದ್ದರು. ಗುಡುಸಾಬ ಮಾತ್ರ ಕೆಲಸ ಮುಗಿದ ಮೇಲೂ ನಾಲ್ಕು ಪೆಟ್ಟು ಸುಮ್ಮನೆ ಹೊಡೆದು ಕೇಳುತ್ತಿದ್ದ. ಯಾಕೆ ಎಂದು ಕೇಳಿದರೆ, "ತಂತಿ ಬಿಸಿ ಇತ್ರಿ," ಎನ್ನುತ್ತಿದ್ದ. ಮಾತು ಅಷ್ಟೇ. ಇಡೀ ದಿನಕ್ಕೆ ಅವನ ಮಾತುಗಳನ್ನು ಒಂದು ಬಸ್ ಟಿಕೆಟಿನ ಹಿಂದೆ ಬರೆದುಬಿಡಬಹುದಾಗಿತ್ತು.

1984ರಲ್ಲಿ ಶಾಂತಲಿಂಗಪ್ಪನವರಿಗೆ ಒಂದು ಹುಕಿ ಬಂದು ಆರ್ಕೆಸ್ಟ್ರಾ ಪಾರ್ಟಿ ಕಟ್ಟಿದ್ದರು. ಸೊಲ್ಲಾಪುರದ ಅಂಗಡಿಯೊಂದರಿಂದ ಸಾಮಾನು ತರುವಾಗ, ಮುಂಬಯಿಯ ಯಾರೋ ವಾದ್ಯಗಾರ ಬೇಡವೆಂದು ಬಿಟ್ಟುಹೋದ ಜಪಾನಿನ ಒಂದು ಪೆಟ್ಟಿಗೆಯೂ ಜೊತೆಗೆ ಬಂತು. ಬೆಳ್ಳಿಬಣ್ಣ, ಪಂಚಾಂಗ ಬಿಚ್ಚಿಟ್ಟಷ್ಟು ಅಗಲ, ಮೇಲೆ ಸಾಲಾಗಿ ಆರು ತಿರುಪುಗಳು, ಕೆಳಗೆ ಒಂದಿಷ್ಟು ಗುಂಡಿಗಳು. ಹಾಡಿನ ಕೆಳಗೆ ಹಾಸಿಗೆಯಂತೆ ಹರಿಯುತ್ತದಲ್ಲ, ಕಿವಿಗಿಂತ ಮೊದಲು ಹೊಟ್ಟೆಗೆ ತಿಳಿಯುವ ಗುಂಯ್‌ಗುಡುವ ದನಿ, ಅದನ್ನೊಂದೇ ಹೊರಡಿಸುವ ಯಂತ್ರ. ಕೀಬೋರ್ಡಿನವನು ಅದನ್ನು ಮುಟ್ಟಲಿಲ್ಲ. "ಇದು ಹಾಡಿಗಿ ಅಲ್ರಿ, ಹಿಟ್ಟಿನ ಗಿರಣಿಗಿ ಬರ್ತದ," ಎಂದ.

ಆ ದಿನ ಗುಡುಸಾಬ ಸಾಹುಕಾರರ ಅಂಗಡಿಯಲ್ಲಿ ಗಾದಿ ತುಂಬಲು ಬಂದಿದ್ದ. ಪೆಟ್ಟಿಗೆ ಸದ್ದು ಮಾಡಿದ್ದನ್ನು ಕೇಳಿ, ಕೈಯಲ್ಲಿದ್ದ ಹತ್ತಿ ಕೆಳಗಿಟ್ಟು ಎದ್ದು ಬಂದ. ಒಂದು ತಿರುಪನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದ. ದನಿ ಹತ್ತಿಯಲ್ಲಿ ಮುಳುಗಿತು. ಬಲಕ್ಕೆ ತಿರುಗಿಸಿದ. ಎದ್ದಿತು.

"ನಮ್ಮ ಬಿಲ್ಲಿನ ಪೈಕಿ ಅದ್ರಿ ಇದು," ಎಂದ.

ಆವತ್ತಿನಿಂದ ಅವನು ಆರ್ಕೆಸ್ಟ್ರಾದ ಮನುಷ್ಯ. ಪೆಟ್ಟಿಗೆಗೆ ಹತ್ತಿ ತುಂಬಿದ ಒಂದು ಚೀಲ ಹೊಲಿದ. ವೇದಿಕೆಯ ಮೇಲೆ ಢೋಲಕಿನವನ ಬೆನ್ನ ಹಿಂದೆ ಕೂರುತ್ತಿದ್ದ. ಎದುರಿಗೆ ಕೂತವರಿಗೆ ಅವನ ಟೊಪ್ಪಿಗೆಯ ತುದಿಯೊಂದೇ ಕಾಣುತ್ತಿತ್ತು. ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಾಲನಿಯಲ್ಲಿ ಒಂದು ಸಂಜೆ ಅವನು ಬಾರಿಸತೊಡಗಿದಾಗ ಊಟದ ಸ್ಟೀಲ್ ತಾಟುಗಳು ತಾವಾಗಿಯೇ ಗಲಗಲ ಅಂದವು. ಕೆಲಸಗಾರನೊಬ್ಬ ಎದ್ದು ನಿಂತು, "ಸೀಸನ್ ಮುಗದದ, ಮಿಲ್ ಯಾರು ಚಾಲೂ ಮಾಡ್ಯಾರ?" ಎಂದು ಕೂಗಿದ. ಗುಡುಸಾಬನ ಜೀವನದಲ್ಲಿ ಬಹಿರಂಗವಾಗಿ ಸಿಕ್ಕ ಪ್ರಶಂಸೆ ಅದೊಂದೇ.

ಜಗದೇವಪ್ಪ ಆಗ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಾಸ್ತರ. ಅಂಚೆಯ ಮೂಲಕ ರೇಡಿಯೊ ರಿಪೇರಿ ಕೋರ್ಸು ಮುಗಿಸಿ, ಆರ್ಕೆಸ್ಟ್ರಾಕ್ಕೆ ಸೌಂಡ್ ನೋಡಿಕೊಳ್ಳಲು ಸೇರಿಕೊಂಡಿದ್ದ. ಅಂಗಿಯ ಮೇಲೆ 'ಇಂಜಿನಿಯರ್' ಎಂಬ ಬಿಲ್ಲೆ ಚುಚ್ಚಿಕೊಳ್ಳುತ್ತಿದ್ದ. ಅದನ್ನು ಕೊಟ್ಟವರು ಯಾರೂ ಅಲ್ಲ, ಬರೆಸಿಕೊಂಡವನು ಅವನೇ. ಅವನಿಗೂ ಗುಡುಸಾಬನಿಗೂ ಗಾಢ ಸ್ನೇಹ. ಎಲ್ಲ ಊರಿಗೂ ಟೆಂಪೋದಲ್ಲಿ ಪಕ್ಕಪಕ್ಕ ಕೂತು ಹೋಗುತ್ತಿದ್ದರು. ಒಬ್ಬ ಮಾತಾಡುತ್ತಿದ್ದ, ಒಬ್ಬ ಕೇಳುತ್ತಿದ್ದ. ಇಬ್ಬರಿಗೂ ಅದು ಹಿತವಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ಜಗದೇವಪ್ಪನಿಗೆ ಮುಜುಗರ. ಪೆಟ್ಟಿಗೆ ನಡೆಯುತ್ತಿದ್ದದ್ದು ನಾಲ್ಕು ಸೆಲ್ಲಿನ ಮೇಲೆ. ಕಾರ್ಯಕ್ರಮಕ್ಕೆ ಮೊದಲು ಗುಡುಸಾಬ ಹಳೇ ಸೆಲ್ಲುಗಳನ್ನು ಪೇಪರಿನ ಮೇಲೆ ಸಾಲಾಗಿ ಬಿಸಿಲಿಗಿಡುತ್ತಿದ್ದ. ಹಪ್ಪಳ ಮಗುಚಿದಂತೆ ಆಗಾಗ ಹೊರಳಿಸುತ್ತಿದ್ದ. ಸತ್ತ ಸೆಲ್ಲು ಬಿಸಿಲು ಕಂಡರೆ ತುಸು ಹೊತ್ತು ಜೀವ ಹಿಡಿಯುತ್ತದೆಂಬುದು ನಮ್ಮ ಕಡೆ ಪ್ರತಿ ಮನೆಗೂ ಗೊತ್ತು. ಆದರೆ ಅದು ಮನೆಯ ಮಾಳಿಗೆಯ ಮೇಲೆ ಮಾಡುವ ಕೆಲಸ. ಬೀಗರ ಎದುರಿಗೆ ಮಾಡುವುದಲ್ಲ.

1989ರ ಮೇ ತಿಂಗಳಲ್ಲಿ ಕರಜಗಿಯಲ್ಲಿ ಒಂದು ಲಗ್ನ. ಅಕ್ಷತೆ ಬಿದ್ದು, ಮಧ್ಯಾಹ್ನದ ಊಟದ ಜೊತೆ ಹಾಡಿನ ಕಾರ್ಯಕ್ರಮ. ಗುಡುಸಾಬ ಎಂದಿನಂತೆ ಹಂದರದ ಪಕ್ಕದಲ್ಲಿ ಸೆಲ್ಲು ಹರವಿದ್ದ. ಗಂಡಿನ ಕಡೆಯವರೊಬ್ಬರು ಎಲೆ ಅಡಿಕೆ ಹಾಕಿಕೊಳ್ಳುತ್ತ ನಿಂತು ನೋಡಿದರು.

"ಪಾರ್ಟಿ ಭಾಳ ಗರೀಬ ಅದ ಏನ್ರಿ ಇಂಜಿನಿಯರ್ ಸಾಹೇಬ್ರ? ಸೆಲ್ ಒಣಗಸಾಕತ್ತೀರಿ. ಸಂಡಿಗಿ ಜೋಡಿ ಹಚ್ಚಿದ್ರ ನಮ್ಮ ಹೆಣ್ಮಕ್ಕಳೇ ಒಣಗಸಿ ಕೊಡ್ತಿದ್ರು."

ಸುತ್ತಲಿದ್ದವರು ನಕ್ಕರು. ಗುಡುಸಾಬ ತಲೆ ಎತ್ತಲಿಲ್ಲ, ಒಂದು ಸೆಲ್ಲು ಹೊರಳಿಸಿದ. ಜಗದೇವಪ್ಪನಿಗೆ ಮಾತ್ರ ಚುಚ್ಚಿತು. ಅವನ ಚೀಲದಲ್ಲಿ ಒಂದು ಎಲಿಮಿನೇಟರ್ ಇತ್ತು. ಗೋಡೆಯ ಕರೆಂಟನ್ನು ಸೆಲ್ಲಿನಷ್ಟಕ್ಕೆ ಇಳಿಸಿ ಕೊಡುವ ಆ ಡಬ್ಬಿಯನ್ನು ಗೆಳೆಯನಿಗೆಂದೇ ಎಂಟು ದಿನ ಕೂತು ಕೈಯಾರೆ ಮಾಡಿದ್ದ. ಗೆಳೆಯನ ಮರ್ಯಾದೆ ಉಳಿಸುವ ಗಳಿಗೆ ಬಂತೆಂದು ನಾಲ್ಕೂ ಸೆಲ್ಲುಗಳನ್ನು ಎತ್ತಿ ಜಾಲಿಕಂಟಿಗೆ ಎಸೆದ.

"ಮಾಸ್ತರ, ಅವು..." ಎಂದ ಗುಡುಸಾಬ.

"ಸುಮ್ನಿರ್ರಿ ಗುಡುಸಾಬಣ್ಣ. ಇನ್ನ ಮುಂದ ನೀವು ಬಿಸಲಾಗ ಕೂಡೂದು ಬ್ಯಾಡ."

ನಮ್ಮ ರೇಡಿಯೊಗಳಲ್ಲಿ ಪಿನ್ನಿನ ನಡುವೆ ಪ್ಲಸ್ ಇರುತ್ತಿತ್ತು. ಜಪಾನಿನ ಆ ಪೆಟ್ಟಿಗೆಯಲ್ಲಿ ನಡುವೆ ಮೈನಸ್. ಜೊತೆಗೆ ಬಂದ ಪುಸ್ತಕದಲ್ಲಿ ಓದು ಬಾರದವರಿಗೂ ತಿಳಿಯುವಂತೆ ಚಿತ್ರ ಹಾಕಿದ್ದರು. ಜಗದೇವಪ್ಪ ಓದು ಬಂದವನಾದ್ದರಿಂದ ನೋಡಿರಲಿಲ್ಲ.

ರೇಡಿಯೊದ ಲೆಕ್ಕದಲ್ಲೇ ಮಾಡಿದ್ದ ತನ್ನ ಡಬ್ಬಿಯ ಪಿನ್ನನ್ನು ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ ಹಾಕಿದ. ಗುಡುಸಾಬನ ಬೆರಳು ಗುಂಡಿಯ ಮೇಲಿತ್ತು. ದನಿ ಬರಲಿಲ್ಲ. ತಿರುಪುಗಳ ಸಂದಿನಿಂದ ಊದಿನಕಡ್ಡಿಯಷ್ಟು ಹೊಗೆ ಎದ್ದು, ನಿಂತು, ಕರಗಿತು. ಗುಡುಸಾಬ ಆರೂ ತಿರುಪುಗಳನ್ನು ಒಂದೊಂದಾಗಿ ಸೊನ್ನೆಗೆ ತಂದ. ಪೆಟ್ಟಿಗೆಯನ್ನು ಹತ್ತಿಯ ಚೀಲದೊಳಗಿಟ್ಟು ಲಾಡಿ ಕಟ್ಟಿದ. "ಹಾಡು ನಡೀಲಿ," ಎಂದ. ಮೂರು ತಾಸು, ಹದಿನೆಂಟು ಹಾಡು. ಅಷ್ಟಕ್ಕೂ ಅವನು ಅಲ್ಲೇ ಕೂತು ತೊಡೆಯ ಮೇಲೆ ಬೆರಳಿನಿಂದ ಬಾರಿಸಿದ. ಯಾರಿಗೂ ಕೇಳಿಸಲಿಲ್ಲ. ಎರಡು ಮಾರು ದೂರದಲ್ಲಿ ಮಿಕ್ಸರಿನ ಮುಂದಿದ್ದ ಜಗದೇವಪ್ಪನಿಗೆ ಕಣ್ಣಿಗೆ ಕಾಣಿಸಿತು.

ಸೊಲ್ಲಾಪುರಕ್ಕೂ ಮುಂಬಯಿಗೂ ಒಯ್ದದ್ದಾಯಿತು. ಒಳಗಿನ ಬಿಡಿಭಾಗ ಈಗ ಬರುವುದಿಲ್ಲವೆಂದರು. ಪಾರ್ಟಿಗೆ ದೊಡ್ಡ ಕೀಬೋರ್ಡ್ ಬಂತು, ಅದರಲ್ಲಿ ಬೇಸ್ ಸಿದ್ಧವಾಗಿಯೇ ಇತ್ತು. ಗುಡುಸಾಬ ಹತ್ತಿಗೆ ಮರಳಿದ.

ಪೆಟ್ಟಿಗೆ ಸುಟ್ಟ ಎಂಟನೆಯ ದಿನಕ್ಕೆ ಗುಡುಸಾಬ ತಾನಾಗಿಯೇ ಜಗದೇವಪ್ಪನ ಮನೆಗೆ ಬಂದಿದ್ದ. ಕಿಟಕಿಯಿಂದ ಟೊಪ್ಪಿಗೆ ಕಂಡಕೂಡಲೇ ಜಗದೇವಪ್ಪ ಅಡುಗೆಮನೆಯಲ್ಲಿ ಜೋಳದ ಚೀಲಗಳ ಹಿಂದೆ ಕೂತ. ಹೆಂಡತಿ ಪ್ರಮಿಲಾ ಹೊರಗೆ ಹೋಗಿ, "ಊರಾಗ ಇಲ್ರಿ," ಎಂದಳು. ಗುಡುಸಾಬ ಬಾಗಿಲಲ್ಲಿದ್ದ ಚಪ್ಪಲಿ ನೋಡಿದ. ಅದರ ಪಕ್ಕದಲ್ಲಿದ್ದ ಸೈಕಲ್ ನೋಡಿದ. "ಬರಿಗಾಲಾಗ ಹೋಗ್ಯಾರಲ್ರಿ, ಬಿಸಲು ಭಾಳ ಅದ," ಎಂದು ಹೇಳಿ ಹೋದ. ಮತ್ತೆ ಬರಲಿಲ್ಲ.

ಜೋಳದ ಚೀಲದ ಹಿಂದೆ ಕೂತಿದ್ದ ಆ ಐದು ನಿಮಿಷ ಒಂಬತ್ತು ವರ್ಷದವರೆಗೆ ಬೆಳೆಯಿತು. ಈ ವಾರ ಹೋಗಬೇಕು ಎಂದುಕೊಂಡ. ವಾರ ತಡವಾಗಿದ್ದಕ್ಕೆ ನಾಚಿಕೆಯಾಗಿ ಮುಂದಿನ ತಿಂಗಳು ಎಂದುಕೊಂಡ. ವರ್ಷ ದಾಟಿದ ಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆಂಬ ಹೊಸ ಕಾರಣ ಸಿಕ್ಕಿತು. ಮನೆಯ ಗಾದಿಗಳು ಗಂಟುಗಂಟಾದವು. ಹಿಂಜಿಸಲು ಗುಡುಸಾಬನನ್ನು ಕರೆಯುವಂತಿಲ್ಲ, ಬೇರೆಯವನನ್ನು ಕರೆದರೆ ದ್ರೋಹವಾಗುತ್ತದೆ. ಪ್ರಮಿಲಾ, "ಗಾದಿ ಮ್ಯಾಲ ಮಲಗಾಕತ್ತೇನೋ, ಶೇಂಗಾ ಚೀಲದ ಮ್ಯಾಲೋ," ಎನ್ನುತ್ತಿದ್ದಳು. ಜಗದೇವಪ್ಪ ಗಂಟಿನ ಕಡೆಯೇ ಹೊರಳಿ ಮಲಗುತ್ತಿದ್ದ.

ಕಾಲ ಬದಲಾಗಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಮೂರು ಕಂಪ್ಯೂಟರ್ ಬಂದವು. ಕಂಪ್ಯೂಟರಿಗೆ ದನಿಯೆಂದರೆ ಬರೀ ಅಂಕಿಗಳ ಸಾಲು ಎಂದು ಪುಸ್ತಕವೊಂದರಲ್ಲಿ ಓದಿದ ದಿನ ಜಗದೇವಪ್ಪ ಊಟ ಮಾಡಲಿಲ್ಲ. ಅಂಕಿ ತಾನೇ, ಬರೆದರಾಯಿತು! ಗರಗಸದ ಹಲ್ಲಿನಂತೆ ಏರಿ ಬೀಳುವ ಅಲೆಯೊಂದನ್ನು ಅಂಕಿಯಲ್ಲಿ ಹುಟ್ಟಿಸಬೇಕು. ಅದನ್ನು ಲೆಕ್ಕದ ಜರಡಿಯೊಂದರಲ್ಲಿ ಸೋಸಿ ಹರಿತವನ್ನು ತೆಗೆಯಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಬೇಕು. ಆ ಪೆಟ್ಟಿಗೆ ಒಳಗೆ ಮಾಡುತ್ತಿದ್ದದ್ದು ಇಷ್ಟೇ. ಎಂಟು ತಿಂಗಳು ಪ್ರೋಗ್ರಾಮ್ ಬರೆದ. ಹತ್ತು ಸೆಕೆಂಡಿನ ದನಿಗೆ ಯಂತ್ರ ಅರ್ಧ ತಾಸು ಲೆಕ್ಕ ಹಾಕುತ್ತಿತ್ತು, ಇಪ್ಪತ್ತೊಂಬತ್ತನೆಯ ನಿಮಿಷಕ್ಕೆ ಕರೆಂಟು ಹೋಗುತ್ತಿತ್ತು. ಕೊನೆಗೂ ಒಂದು ದಿನ ಹೋಗಲಿಲ್ಲ. ಆ ದನಿಯನ್ನೇ ಸಾಹುಕಾರರಿಗೆ ಕೇಳಿಸಲು ಹೋಗಿ ಎಮ್ಮೆಯ ಪ್ರಸಂಗ ನಡೆದದ್ದು.

"ಲೆಕ್ಕ ಎಲ್ಲಾ ಬರೋಬರಿ ಅದರಿ ಸಾಹುಕಾರ್ರ," ಎಂದ ಜಗದೇವಪ್ಪ, ಮೌಸಿನ ವೈರು ತಿರುಗಿ ಸಿಕ್ಕಿಸುತ್ತ. "ಕಡಿಮಿ ಏನು ಬಿದ್ದದ ತಿಳೀವಲ್ದು."

ಶಾಂತಲಿಂಗಪ್ಪನವರು ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದರು. "ಇದು ಹೊಟ್ಟಿ ತುಂಬಿದ್ದು ಒದರಿದಂಗ ಅದ. ಅವಂದು ದಣದ ದನಿ. ನಿನಗ ಗೊತ್ತಿಲ್ಲೇನು, ನಾ ಒಂದು ಸಲ ಹೊಸ ಸೆಲ್ ತಂದು ಕೊಟ್ಟಿದ್ದೆ. ನಾಕೂ ತಗದು ತನ್ನ ಕೈಬ್ಯಾಟರಿಗಿ ಹಾಕ್ಕೊಂಡ. ಬ್ಯಾಟರಿಯೊಳಗಿನ ಸತ್ತ ಸೆಲ್ ಪೆಟ್ಟಿಗಿಗಿ ಹಾಕಿದ."

"ಯಾಕ್ರಿ?"

"ನಾನೂ ಕೇಳಿದೆ. ಹೊಸಾದು ಹಾಕಿದ್ರ ಕಿರಚ್ತದ್ರಿ ಸಾಹುಕಾರ್ರ, ದಣದಿದ್ದು ಹಾಕಿದ್ರ ನರಳ್ತದ, ಅಂದ. ಬಿಸಲಿಗಿ ಇಡೋದು ಜೀವ ಬರ್ಲಿ ಅಂತ ಅಲ್ಲೋ, ಎಷ್ಟು ಬೇಕೋ ಅಷ್ಟೇ ಬರ್ಲಿ ಅಂತ. ಮುಟ್ಟಿ ಮುಟ್ಟಿ ನೋಡ್ತಿದ್ದ. ಐದು ವರ್ಷ ಮಗ್ಗಲದಾಗ ಕುಂತಿದ್ದಿ, ಕೇಳಲಿಲ್ಲೇನು?"

ಕೇಳಿರಲಿಲ್ಲ. ಟೆಂಪೋದಲ್ಲಿ ಮಾತಾಡುತ್ತಿದ್ದವನು ಅವನೊಬ್ಬನೇ. ಜಗದೇವಪ್ಪ ಸ್ಟೂಲಿನ ಮೇಲೆ ಕೂತುಬಿಟ್ಟ. ಇಷ್ಟು ವರ್ಷ, ಒಳ್ಳೆಯದು ಮಾಡಲು ಹೋಗಿ ಕೈ ತಪ್ಪಿತು ಎಂಬ ಒಂದು ಸಮಾಧಾನವಾದರೂ ಇತ್ತು. ಪ್ಲಸ್ಸು ಮೈನಸ್ಸು ಸರಿಯಾಗಿ ಕೊಟ್ಟಿದ್ದರೂ ಆ ದನಿ ಅವತ್ತೇ ಸಾಯುತ್ತಿತ್ತು. ಬಡತನವೆಂದು ತಾನು ನಾಚಿಕೊಂಡದ್ದು ಆ ಮನುಷ್ಯನ ವಿದ್ಯೆಯಾಗಿತ್ತು. ಅದನ್ನು ಅವನ ಕಣ್ಣೆದುರೇ ಜಾಲಿಕಂಟಿಗೆ ಎಸೆದಿದ್ದ.

ಆಮೇಲೆ ಎರಡು ತಿಂಗಳು ಜಗದೇವಪ್ಪ ಮಾಳಿಗೆಯ ಮೇಲೆ ಹಳೇ ಸೆಲ್ಲು ಹರವಿಕೊಂಡು ಕೂತ. ಮೀಟರು ಹಚ್ಚಿ, ಬಿಸಿಯಾದ ಸೆಲ್ಲು ಹೇಗೆ ಏರುತ್ತದೆ, ಭಾರ ಬಿದ್ದಾಗ ಹೇಗೆ ಕುಸಿಯುತ್ತದೆ ಎಂದು ಬರೆದುಕೊಂಡ. ಕೆಳಗಿನ ಅಂಗಡಿಯವರು, "ಮಾಸ್ತರ, ಸೆಂಟರ್ ಅಷ್ಟು ಲುಕ್ಸಾನದಾಗ ಅದ ಏನ್ರಿ?" ಎಂದರು. ಜಗದೇವಪ್ಪ ತಲೆ ಎತ್ತಲಿಲ್ಲ, ಒಂದು ಸೆಲ್ಲು ಹೊರಳಿಸಿದ. ಪ್ರೋಗ್ರಾಮಿನಲ್ಲಿ 'ಬಿಸಿಲು' ಎಂಬ ಹೆಸರಿನ ಹೊಸ ಸಾಲು ಸೇರಿತು. ಸ್ವರ ಜೋರಾದಂತೆ ಬಲ ಕುಂದಬೇಕು, ಕುಂದಿದಂತೆ ಜರಡಿ ಮುಚ್ಚಿಕೊಳ್ಳಬೇಕು. ಮೇ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಸ್ಪೀಕರಿನಿಂದ ಹೊರಟ ದನಿಗೆ ಅವನ ಕೈಯ ರೋಮ ನಿಂತವು.

ಮರುದಿನವೇ ಆಟೋ ಕರೆಸಿ ಕಂಪ್ಯೂಟರು, ಸ್ಪೀಕರು ಹೇರಿಸಿದ. ಎಲ್ಲಿಗೆಂದು ತಿಳಿದಕೂಡಲೇ ಪ್ರಮಿಲಾ ಎರಡು ಗಾದಿ ತಂದು ಆಟೋದ ಮೇಲೆ ಕಟ್ಟಿಸಿದಳು. "ನೀವು ಮಾತಾಡ್ರಿ ಬಿಡ್ರಿ, ಇವು ಮಾತ್ರ ಹಿಂಜಿಸಿಕೊಂಡೇ ಬರ್ರಿ," ಎಂದಳು.

ಗುಡುಸಾಬನ ಮನೆಯ ಮುಂಗಡೆ ಈಗ ಹತ್ತಿ ಹಿಂಜುವ ಮೋಟಾರು ಯಂತ್ರ. ಅವನ ಹುಬ್ಬು, ಗಡ್ಡವೆಲ್ಲ ಹತ್ತಿಯ ಎಳೆ. ಎಷ್ಟು ಹತ್ತಿ, ಎಷ್ಟು ನರೆ ತಿಳಿಯುವಂತಿರಲಿಲ್ಲ. ಆಟೋದಿಂದ ಇಳಿದವನನ್ನು ನೋಡಿ ಮೋಟಾರು ನಿಲ್ಲಿಸಿದ.

"ಬರ್ರಿ ಮಾಸ್ತರ. ಖಾಸೀಂಬಿ, ಚಹಾ ಇಡ," ಎಂದ. ನಿನ್ನೆಯಷ್ಟೇ ಭೇಟಿಯಾದವರಂತೆ.

ಜಗದೇವಪ್ಪ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತು ಬದಿಗಿಟ್ಟು, ಮೊದಲು ಕಂಪ್ಯೂಟರು ಇಳಿಸಿಕೊಂಡ. ವೈರು ಜೋಡಿಸಿ, ಸೆಂಟರಿನಲ್ಲೇ ಲೆಕ್ಕ ಹಾಕಿಸಿಟ್ಟುಕೊಂಡಿದ್ದ ದನಿ ಹಚ್ಚಿದ. ಹತ್ತಿಯ ರಾಶಿಯ ನಡುವೆ ಅದು ಮುಳುಗಿತು, ಎದ್ದಿತು, ಜಾರಿತು, ನರಳಿತು. ಒಳಗಿನಿಂದ ಗುಡುಸಾಬನ ಹೆಂಡತಿ ಖಾಸೀಂಬಿ ಚಹಾದ ಜರಡಿ ಹಿಡಿದುಕೊಂಡೇ ಓಡಿ ಬಂದಳು. "ಯಾ ಅಲ್ಲಾ! ಪೆಟ್ಟಿಗಿ ಚಾಲೂ ಆಯ್ತೇನ್ರಿ?"

ಗುಡುಸಾಬ ಮೂರು ಸಲ ಹಚ್ಚಿಸಿ ಕೇಳಿದ.

"ಹೌದ್ರಿ," ಎಂದ. "ಸೆಲ್ ಎರಡ್ನೇ ದಿನದ್ದು."

ಜಗದೇವಪ್ಪನ ಕಣ್ಣಿಗೆ ನೀರು ಬಂತು. "ನೀವೇ ಬಾರಸ್ರಿ. ಇಕಾ, ಈ ಗುಂಡಿ ಒತ್ರಿ."

ಗುಡುಸಾಬ ಅಂಗಿಗೆ ಕೈ ಒರೆಸಿಕೊಂಡು ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಕಾದ. ಯಂತ್ರವನ್ನೊಮ್ಮೆ, ಮಾಸ್ತರನನ್ನೊಮ್ಮೆ ನೋಡಿದ.

"ದನಿ ಯಾವಾಗ ಬರ್ತದ್ರಿ?"

"ಲೆಕ್ಕ ಹಾಕ್ತದ್ರಿ. ನಾಕು ನಿಮಿಷ."

"ಅಷ್ಟರಾಗ ಹಾಡು ಮುಗದಿರ್ತದಲ್ರಿ."

ಜಗದೇವಪ್ಪನಿಗೆ ಇದು ಹೊಳೆದೇ ಇರಲಿಲ್ಲ. ದನಿ ತಂದಿದ್ದ. ಬೆರಳಿಟ್ಟಕೂಡಲೇ ಅದು ಹೊರಡುವ ಆ ಗಳಿಗೆಯನ್ನು ತಂದಿರಲಿಲ್ಲ. ಇಬ್ಬರೂ ನಾಲ್ಕು ನಿಮಿಷ ಕಾದರು. 'ಧೊಂಯ್' ಎಂದು ಒಂದೇ ಒಂದು ಸ್ವರ ಬಂತು. ಗುಡುಸಾಬ ಅದಕ್ಕೆ ತಲೆದೂಗಿ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಇನ್ನೊಂದು ಸಲ ಒತ್ತಲಿಲ್ಲ. ಖಾಸೀಂಬಿ ಚಹಾ ಇಟ್ಟು, ಆಟೋದಿಂದ ಇಳಿಸಿದ ಗಾದಿಗಳನ್ನು ಮುಟ್ಟಿ ನೋಡಿ ಹಣೆ ಬಡಿದುಕೊಂಡು ಒಳಗೆ ಹೋದಳು.

ಚಹಾ ಮುಗಿಯಿತು. ಮಾಡಲು ಬೇರೆ ಯಾವ ಕೆಲಸವೂ ಉಳಿಯದೆ, ಜಗದೇವಪ್ಪ ಖಾಲಿ ಬಸಿಯನ್ನೇ ನೋಡುತ್ತ ಒಂಬತ್ತು ವರ್ಷದ ಮಾತನ್ನು ಕೇಳಿದ:

"ಗುಡುಸಾಬಣ್ಣ, ಖರೆ ಹೇಳ್ರಿ. ಅವತ್ತ ನನ್ನ ಮ್ಯಾಲ ಸಿಟ್ಟು ಬಂದಿತ್ತಿಲ್ಲೋ?"

ಗುಡುಸಾಬ ಹುಬ್ಬಿನ ಮೇಲಿನ ಹತ್ತಿಯ ಎಳೆಯೊಂದನ್ನು ತೆಗೆದು, ನೋಡಿ, ರಾಶಿಗೆ ಹಾಕಿದ.

"ಬಂದಿತ್ತ್ರಿ. ನೀವು ಒಂಬತ್ತು ವರ್ಷ ಈ ಕಡಿ ಬರಲೇ ಇಲ್ಲ. ಯಾರ ಮುಂದ ಮಾಡ್ಲಿ?"